ಲೂಯಿ ಬ್ರೈಲ್: ಸೇಂಟ್ ವಿಕ್ಟರ್ ಬೀದಿಯಿಂದ ಪ್ಯಾಂಥಿಯನ್ನಿನವರೆಗೆ

ಪ್ಯಾರಿಸ್ ನಗರದ ನಡುಭಾಗದಲ್ಲಿ, ಸೇನ್ ನದಿಯ ಎಡದಂಡೆಯಲ್ಲಿ, ಸೇಂಟ್ ವಿಕ್ಟರ್ ಎಂಬ ಹಳೆಯ ಬೀದಿಯೊಂದಿದೆ. ಅಲ್ಲಿಂದ ಹೊರಟು ಸೇಂಟ್ ಜೆನೆವೀವ್ ದಿಬ್ಬವನ್ನು ಏರಿದರೆ ಪ್ಯಾಂಥಿಯನ್ನಿನ ಮಹಾಗುಮ್ಮಟ ಎದುರಾಗುತ್ತದೆ. ನಡುವಣ ದೂರ ಒಂದು ಕಿಲೋಮೀಟರಿಗಿಂತಲೂ ಕಡಮೆ. ನಿಧಾನವಾಗಿ ನಡೆಯುವವನಿಗೂ ಕಾಲು ಗಂಟೆ ಸಾಕು. ಲೂಯಿ ಬ್ರೈಲನಿಗೆ ಮಾತ್ರ ಈ ದಾರಿಯನ್ನು ಸವೆಸಲು 133 ವರ್ಷ ಹಿಡಿಯಿತು. 1819ರ ಫೆಬ್ರವರಿ 15ರಂದು, ಹತ್ತು ವರ್ಷದ ಅಂಧ ಬಾಲಕನಾಗಿ, ಅವನು ಸೇಂಟ್ ವಿಕ್ಟರ್ ಬೀದಿಯ ಶಾಲೆಯ ಹೊಸ್ತಿಲನ್ನು ದಾಟಿದನು. 1952ರ ಜೂನ್ 22ರಂದು, ಅವನು ಸತ್ತು ನೂರು ವರ್ಷಗಳಾದ ಮೇಲೆ, ಫ್ರಾನ್ಸ್ ದೇಶ ಅವನ ಅವಶೇಷಗಳನ್ನು ಪ್ಯಾಂಥಿಯನ್ನಿಗೆ ಒಯ್ದು, ವಾಲ್ಟೇರ್, ರೂಸೋ, ವಿಕ್ಟರ್ ಹ್ಯೂಗೋ ಮೊದಲಾದವರು ಮಲಗಿರುವ ನೆಲಮಾಳಿಗೆಯಲ್ಲಿ ಇರಿಸಿತು.

ಕೈಯಲ್ಲೊಂದು ನಕ್ಷೆ ಹಿಡಿದು, ಮಾರ್ಗದರ್ಶಿಯ ಹಂಗಿಲ್ಲದೆ ನಡೆದು ನೋಡುವ ದಾರಿಗಳು ಫ್ರಾನ್ಸಿನ ಊರೂರಿನಲ್ಲಿಯೂ ಉಂಟು. ಅಂತಹ ದಾರಿ ಗಾಲಿಕುರ್ಚಿಯವನಿಗೂ ಕಣ್ಣಿಲ್ಲದವನಿಗೂ ಸಲ್ಲುವಂತಿರಬೇಕು ಎಂಬ ಎಚ್ಚರ ಈಚಿನದು. ಈ ಎಚ್ಚರದ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ಕಣ್ಣಿಲ್ಲದವನನ್ನು ಕೈಹಿಡಿದು ನಡೆಸುವುದು ಕರುಣೆ. ಅವನು ಯಾರ ಕೈಯನ್ನೂ ಹಿಡಿಯದೆ ತಾನೇ ನಡೆಯುವಂತೆ ಮಾಡುವುದು ಬೇರೆಯೇ ಒಂದು ಕೆಲಸ. ಅವನಿಗೆ ಓದಿ ಹೇಳುವುದು ಉಪಕಾರ. ಅವನೇ ಓದುವಂತಾಗುವುದು ಸ್ವಾತಂತ್ರ್ಯ. ಈ ಎರಡರ ನಡುವಣ ಅಂತರವನ್ನು ತನ್ನ ಬೆರಳ ತುದಿಯಿಂದ ಅಳೆದು ತೋರಿಸಿದವನು ಬ್ರೈಲ್. ಅವನ ಜೀವನವೆಲ್ಲ ಹೆಚ್ಚುಕಡಮೆ ಪ್ಯಾರಿಸ್ಸಿನ ಕೆಲವೇ ಬೀದಿಗಳಲ್ಲಿ ಕಳೆಯಿತು. ಆ ಬೀದಿಗಳನ್ನು ಒಂದೊಂದಾಗಿ ಹಾದುಹೋದರೆ ಅವನ ಕಥೆಯೂ ತಾನಾಗಿಯೇ ತೆರೆದುಕೊಳ್ಳುತ್ತದೆ.

ಆದರೆ ಕಥೆ ಮೊದಲಾಗುವುದು ನಗರದಲ್ಲಲ್ಲ. ಪ್ಯಾರಿಸ್ಸಿನ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಕೂಪ್‌ವ್ರೆ ಎಂಬ ಹಳ್ಳಿಯಲ್ಲಿ. ಅಲ್ಲಿ 1809ರ ಜನವರಿ 4ರಂದು ಲೂಯಿ ಹುಟ್ಟಿದನು. ನೆಪೋಲಿಯನ್ನನ ಯುದ್ಧಗಳಿಂದ ಯೂರೋಪ್ ಖಂಡವೆಲ್ಲ ತಲ್ಲಣಿಸುತ್ತಿದ್ದ ಕಾಲವದು. ತಂದೆ ಸಿಮೋನ್ ರೆನೆ ಬ್ರೈಲ್ ಹಳ್ಳಿಯ ಜೀನಗಾರ. ಕುದುರೆಗಳ ಜೀನು, ಲಗಾಮು, ಪಟ್ಟಿಗಳನ್ನು ಹೊಲಿದು ಕೊಟ್ಟು ಸಂಸಾರವನ್ನು ನಡೆಸುತ್ತಿದ್ದನು. ತಾಯಿ ಮೋನಿಕ್. ನಾಲ್ವರು ಮಕ್ಕಳಲ್ಲಿ ಲೂಯಿ ಕಡೆಯವನು. ಮೂರು ವರ್ಷದ ಕೂಸು ಒಂದು ದಿನ ತಂದೆಯ ಕೆಲಸದ ಕೋಣೆಯನ್ನು ಹೊಕ್ಕು, ಚರ್ಮದ ತುಂಡೊಂದನ್ನು ಎತ್ತಿಕೊಂಡು, ತಂದೆ ಮಾಡುತ್ತಿದ್ದಂತೆಯೇ ತಾನೂ ಮಾಡಹೋಯಿತು. ಮೊನಚಾದ ಹತ್ಯಾರು ಜಾರಿ ಕಣ್ಣಿಗೆ ನಟ್ಟಿತು. ಅಂದಿನ ವೈದ್ಯಕ್ಕೆ ಕೀವನ್ನು ತಡೆಯುವ ಶಕ್ತಿಯಿರಲಿಲ್ಲ. ನಂಜು ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ತುಂಬುವಷ್ಟರಲ್ಲಿ ಅವನ ಪಾಲಿಗೆ ಹಗಲಿರುಳುಗಳ ಭೇದವೇ ಅಳಿದುಹೋಗಿದ್ದಿತು.

ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಕಾದಿದ್ದುದು ಸಾಮಾನ್ಯವಾಗಿ ಚರ್ಚಿನ ಬಾಗಿಲ ಬಳಿಯ ಭಿಕ್ಷಾಪಾತ್ರೆ. ಬ್ರೈಲ್ ದಂಪತಿಗಳು ಆ ದಾರಿಗೆ ಒಪ್ಪಲಿಲ್ಲ. ತಂದೆ ಮರದ ಹಲಗೆಯ ಮೇಲೆ ಮೊಳೆಗಳನ್ನು ಬಡಿದು ಅಕ್ಷರಗಳ ಆಕಾರವನ್ನು ಮಾಡಿ, ಅವುಗಳ ಮೇಲೆ ಮಗನ ಬೆರಳನ್ನು ಆಡಿಸಿ ಅಕ್ಷರಾಭ್ಯಾಸ ಮಾಡಿಸಿದನು. ಊರ ಪಾದ್ರಿ ಜಾಕ್ ಪಾಲ್ವಿ ಹುಡುಗನ ಬುದ್ಧಿಯನ್ನು ಕಂಡು ತಾನೇ ಪಾಠ ಹೇಳಿದನು. ಹಳ್ಳಿಯ ಉಪಾಧ್ಯಾಯ ಅವನನ್ನು ಕಣ್ಣುಳ್ಳ ಮಕ್ಕಳ ಜೊತೆಗೆ ಶಾಲೆಯಲ್ಲಿ ಕೂರಿಸಿಕೊಂಡನು. ಕೇಳಿದುದನ್ನೆಲ್ಲ ಹುಡುಗ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತಿದ್ದನು. ಆದರೆ ಉಳಿದವರು ಪುಸ್ತಕವನ್ನು ತೆರೆದೊಡನೆ ಅವನ ಕಲಿಕೆ ನಿಂತುಹೋಗುತ್ತಿತ್ತು. ಊರಿನ ಜಮೀನ್ದಾರ ದೊರ್ವಿಲಿಯೆ ಪ್ರಭುವಿನ ನೆರವಿನಿಂದ ಪ್ಯಾರಿಸ್ಸಿನ ರಾಜಕೀಯ ಅಂಧಬಾಲಕರ ವಿದ್ಯಾಲಯದಲ್ಲಿ ಅವನಿಗೆ ಸ್ಥಳ ದೊರೆಯಿತು.

ಆ ವಿದ್ಯಾಲಯಕ್ಕೂ ಒಂದು ಪೂರ್ವಕಥೆಯಿದೆ. 1771ರಲ್ಲಿ ವಾಲೆಂತೆನ್ ಆಯ್ವಿ ಎಂಬ ತರುಣ ವಿದ್ವಾಂಸನು ಪ್ಯಾರಿಸ್ಸಿನ ಒಂದು ಜಾತ್ರೆಗೆ ಹೋಗಿದ್ದನು. ಅಲ್ಲಿ ಕೆಲವರು ಅಂಧರಿಗೆ ವಿದೂಷಕರ ಟೋಪಿ ತೊಡಿಸಿ, ರಟ್ಟಿನ ದೊಡ್ಡ ಕನ್ನಡಕಗಳನ್ನು ಹಾಕಿ, ಮುಂದೆ ಸ್ವರಲಿಪಿಯ ಹಾಳೆಗಳನ್ನು ಇಟ್ಟು, ವಾದ್ಯಗಳನ್ನು ಅಪಸ್ವರವಾಗಿ ಬಾರಿಸಲು ಬಿಟ್ಟಿದ್ದರು. ನೆರೆದ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆಯ್ವಿಗೆ ನಗೆ ಬರಲಿಲ್ಲ. ಅಣಕಕ್ಕಾಗಿ ಇಟ್ಟ ಆ ಪುಸ್ತಕಗಳನ್ನು ಅಂಧರು ನಿಜವಾಗಿಯೂ ಓದುವಂತೆ ಮಾಡುತ್ತೇನೆಂದು ಅವನು ನಿಶ್ಚಯಿಸಿದನು. 1784ರಲ್ಲಿ ಸೇಂಟ್ ಜರ್ಮೆನ್ ಚರ್ಚಿನ ಬಾಗಿಲಲ್ಲಿ ಬೇಡುತ್ತಿದ್ದ ಫ್ರಾಂಸ್ವಾ ಲೆಸ್ಯೂರ್ ಎಂಬ ಅಂಧ ಯುವಕನನ್ನು ಕರೆತಂದು ಪಾಠ ಹೇಳಲು ತೊಡಗಿದನು. ಭಿಕ್ಷೆಯಿಂದ ಬರುತ್ತಿದ್ದ ಸಂಪಾದನೆ ತಪ್ಪಿದುದಕ್ಕೆ ಪ್ರತಿಯಾಗಿ ಶಿಷ್ಯನಿಗೆ ಗುರುವೇ ಹಣ ಕೊಡಬೇಕಾಯಿತು. ಮುದ್ರಿತ ಹಾಳೆಯ ಹಿಂಬದಿಯಲ್ಲಿ ಮೂಡಿದ ಅಕ್ಷರದ ಉಬ್ಬನ್ನು ಲೆಸ್ಯೂರನ ಬೆರಳು ಗುರುತಿಸಿತೆಂದೂ, ಉಬ್ಬಕ್ಷರಗಳ ಪುಸ್ತಕದ ಯೋಚನೆ ಆಯ್ವಿಗೆ ಅದರಿಂದಲೇ ಹೊಳೆಯಿತೆಂದೂ ಹೇಳುವುದುಂಟು. ಜಗತ್ತಿನಲ್ಲಿ ಅಂಧರಿಗಾಗಿ ತೆರೆದ ಮೊದಲ ಶಾಲೆ ಹೀಗೆ ಹುಟ್ಟಿತು.

ಲೂಯಿ ಬರುವ ವೇಳೆಗೆ ಆ ಶಾಲೆ ಸೇಂಟ್ ವಿಕ್ಟರ್ ಬೀದಿಯ 68ನೆಯ ಮನೆಯಲ್ಲಿದ್ದಿತು. ಅದು ಹಿಂದೆ ಪಾದ್ರಿಗಳ ಗುರುಕುಲವಾಗಿದ್ದ ಕಟ್ಟಡ. ಕ್ರಾಂತಿಯ ಕಾಲದಲ್ಲಿ ಸೆರೆಮನೆಯಾಗಿ, 1792ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೂಡಿಹಾಕಿದ್ದ ಅನೇಕ ಪಾದ್ರಿಗಳ ಕೊಲೆಯನ್ನೂ ಕಂಡಿದ್ದಿತು. ನದಿಗೆ ಹತ್ತಿರದ ತಗ್ಗು ನೆಲ. ಗೋಡೆಗಳಲ್ಲಿ ಸದಾ ತೇವ. ಇಕ್ಕಟ್ಟಾದ ಮೆಟ್ಟಿಲುಗಳು, ಬೆಳಕು ಗಾಳಿಗಳಿಲ್ಲದ ಓಣಿಗಳು. ಕಣ್ಣಿಲ್ಲದವರಿಗೆ ಬೆಳಕಿನ ಕೊರತೆ ತಿಳಿಯದೆಂದು ಯಾರಾದರೂ ಭಾವಿಸಿದ್ದರೆ, ಗಾಳಿಯ ಕೊರತೆ ಶ್ವಾಸಕೋಶಕ್ಕೆ ತಿಳಿಯಿತು. ಅಲ್ಲಿ ಕ್ಷಯ ಮನೆಮಾಡಿಕೊಂಡಿದ್ದಿತು. ವಿದ್ಯಾರ್ಥಿಗಳನ್ನು ತಿರುಗಾಟಕ್ಕೆ ಹತ್ತಿರದ ಸಸ್ಯೋದ್ಯಾನಕ್ಕೆ ಕರೆದೊಯ್ಯುವಾಗ ಒಂದು ಉದ್ದವಾದ ಹಗ್ಗವನ್ನು ಹಿಡಿಸಿ ಸಾಲಾಗಿ ನಡೆಸುತ್ತಿದ್ದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಮುಂದೊಬ್ಬ ಕಣ್ಣುಳ್ಳವನು, ಹಿಂದೆ ಹಗ್ಗಕ್ಕೆ ಪೋಣಿಸಿದಂತೆ ಮಕ್ಕಳು. ಆ ನಡಿಗೆಯಲ್ಲಿ ಯಾರೂ ಬೀಳುತ್ತಿರಲಿಲ್ಲ; ತನ್ನ ದಾರಿಯನ್ನು ತಾನು ಆರಿಸಿಕೊಳ್ಳುವಂತೆಯೂ ಇರಲಿಲ್ಲ.

ಆ ಶಾಲೆಯ ಓದೂ ಆ ಹಗ್ಗದ ನಡಿಗೆಯಂತೆಯೇ ಇದ್ದಿತು. ಆಯ್ವಿಯ ಉಬ್ಬಕ್ಷರಗಳು ರೋಮನ್ ಲಿಪಿಯ ದೊಡ್ಡ ಪಡಿಯಚ್ಚುಗಳು. ಒಂದೊಂದು ಅಕ್ಷರದ ಅಂಚನ್ನೂ ಬೆರಳು ಸುತ್ತಿ ಬಂದ ಮೇಲೆ ಅದು ಯಾವುದೆಂದು ತಿಳಿಯಬೇಕು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆಯುತ್ತಿತ್ತು. ಪುಸ್ತಕಗಳು ಬಲು ಭಾರ, ಬಲು ದುಬಾರಿ. ಆದುದರಿಂದ ಬಲು ಕೆಲವು. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಈ ಅಕ್ಷರಗಳನ್ನು ಅಂಧನು ಕಷ್ಟಪಟ್ಟು ಓದಬಹುದಿತ್ತು, ತಾನೇ ಬರೆಯುವಂತಿರಲಿಲ್ಲ. ತನ್ನ ಮನಸ್ಸಿನ ಮಾತನ್ನು ಗುಟ್ಟಾಗಿ ಗೆಳೆಯನಿಗೆ ತಿಳಿಸಲಾರನು, ಪಾಠದ ಟಿಪ್ಪಣಿಯನ್ನು ಮಾಡಿಕೊಳ್ಳಲಾರನು. ಆಯ್ವಿ ಮಹಾನುಭಾವ, ಸಂದೇಹವಿಲ್ಲ. 1821ರಲ್ಲಿ, ಸಾಯುವುದಕ್ಕೆ ಕೆಲವು ತಿಂಗಳ ಮುಂಚೆ, ಆ ವೃದ್ಧನನ್ನು ಶಾಲೆಗೆ ಬರಮಾಡಿಕೊಂಡು ವಿದ್ಯಾರ್ಥಿಗಳು ಗೌರವಿಸಿದರು. ಆಗ ಲೂಯಿಗೆ ಹನ್ನೆರಡು ವರ್ಷ. ಆದರೆ ಆಯ್ವಿ ಕೊಟ್ಟುದು ಕಣ್ಣಿಗಾಗಿ ಹುಟ್ಟಿದ ಲಿಪಿ. ಬೆರಳು ಅಲ್ಲಿ ಅತಿಥಿ ಮಾತ್ರ.

ಅದೇ 1821ನೆಯ ವರ್ಷ ಶಾಲೆಗೆ ಇನ್ನೊಂದು ಹೊಸ ವಿಚಾರ ಬಂದಿತು. ಶಾರ್ಲ್ ಬಾರ್ಬಿಯೆ ಎಂಬ ನಿವೃತ್ತ ಸೇನಾಧಿಕಾರಿ ಗೆರೆಗಳನ್ನು ಬಿಟ್ಟು ಬರಿಯ ಉಬ್ಬುಚುಕ್ಕೆಗಳಿಂದ ಬರೆಯುವ ಕ್ರಮವೊಂದನ್ನು ತಂದನು. ಕತ್ತಲೆಯಲ್ಲಿ ಸೈನಿಕರು ದೀಪವಿಲ್ಲದೆ ಆಜ್ಞೆಗಳನ್ನು ಓದಲೆಂದು ಅವನು ಇದನ್ನು ಕಲ್ಪಿಸಿದನೆಂಬ ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಅವನ ಬರಹಗಳನ್ನು ಪರಿಶೀಲಿಸಿದ ಈಚಿನ ವಿದ್ವಾಂಸರು, ಶಾಲೆಯ ಭಾಗ್ಯವಿಲ್ಲದವರಿಗೂ ಅಂಧರಿಗೂ ಸುಲಭವಾದ ಬರವಣಿಗೆಯನ್ನು ಒದಗಿಸುವುದೇ ಅವನ ಮುಖ್ಯ ಆಸೆಯಾಗಿದ್ದಿತೆಂದು ತೋರಿಸಿದ್ದಾರೆ. ಫ್ರೆಂಚ್ ಭಾಷೆಯ ಧ್ವನಿಗಳನ್ನು ಆರು ಸಾಲು, ಆರು ಕಂಬಗಳ ಒಂದು ಚೌಕದಲ್ಲಿ ಅವನು ಜೋಡಿಸಿದ್ದನು. ಒಂದು ಧ್ವನಿ ಎಷ್ಟನೆಯ ಸಾಲಿನಲ್ಲಿದೆ, ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನು ಎರಡು ಕಂಬಸಾಲುಗಳಲ್ಲಿ ಚುಕ್ಕೆಗಳ ಎಣಿಕೆಯಿಂದ ಸೂಚಿಸಬೇಕು. ಹೀಗೆ ಒಂದೊಂದು ಸಂಕೇತಕ್ಕೆ ಹನ್ನೆರಡು ಚುಕ್ಕೆಗಳವರೆಗೆ ಬೇಕಾಗುತ್ತಿತ್ತು.

ಮಕ್ಕಳ ಬೆರಳುಗಳಿಗೆ ಒಂದು ಸಂಗತಿ ಥಟ್ಟನೆ ತಿಳಿಯಿತು: ಗೆರೆಗಿಂತ ಚುಕ್ಕೆ ಸ್ಪಷ್ಟ. ಅದಕ್ಕಿಂತ ಹೆಚ್ಚಾಗಿ, ಚುಕ್ಕೆಯನ್ನು ತಾವೇ ಬರೆಯಬಹುದು. ಹಳಿಯಿರುವ ಹಲಗೆ, ಒಂದು ದಪ್ಪ ಕಾಗದ, ನಮ್ಮ ಓಲೆಗರಿಯ ಕಂಟದಂತಹ ಒಂದು ಮೊನೆ ಇದ್ದರೆ ಸಾಕು. ಬಾಲಕ ಬ್ರೈಲ್ ಅದರ ಗುಣದ ಜೊತೆಗೆ ಅದರ ದೋಷಗಳನ್ನೂ ಕಂಡನು. ಬಾರ್ಬಿಯೆಯ ಕ್ರಮದಲ್ಲಿ ಧ್ವನಿಯಿತ್ತು, ಕಾಗುಣಿತವಿರಲಿಲ್ಲ. ಲೇಖನಚಿಹ್ನೆಗಳಿರಲಿಲ್ಲ, ಅಂಕಿಗಳಿರಲಿಲ್ಲ, ಸಂಗೀತಕ್ಕೆ ಎಡೆಯಿರಲಿಲ್ಲ. ಮಾತನ್ನು ಗುರುತು ಹಾಕಿಕೊಳ್ಳಲು ಅದು ಸಾಕು, ವಿದ್ಯಾವಂತನಾಗಲು ಸಾಲದು. ಇನ್ನೂ ಒಂದು ಮುಖ್ಯ ದೋಷ: ಆರು ಚುಕ್ಕೆಗಳ ಎತ್ತರದ ಸಂಕೇತ ಬೆರಳ ತುದಿಗಿಂತ ದೊಡ್ಡದು. ಬೆರಳನ್ನು ಮೇಲೆ ಕೆಳಗೆ ಆಡಿಸಿ, ಎಣಿಸಿ, ಕೂಡಿಸಿ ಅರ್ಥಮಾಡಿಕೊಳ್ಳಬೇಕು. ಹುಡುಗನು ತನ್ನ ಸೂಚನೆಗಳನ್ನು ತಿಳಿಸಿದಾಗ ಐವತ್ತು ದಾಟಿದ ಬಾರ್ಬಿಯೆ ಅವನ್ನು ಅಷ್ಟಾಗಿ ಮೆಚ್ಚಲಿಲ್ಲವೆನ್ನುತ್ತಾರೆ. ಬ್ರೈಲನು ವಾದಕ್ಕೆ ನಿಲ್ಲದೆ ಕೆಲಸಕ್ಕೆ ಕುಳಿತನು.

ರಾತ್ರಿ ಉಳಿದವರು ನಿದ್ರಿಸುವಾಗ, ರಜೆಯಲ್ಲಿ ಕೂಪ್‌ವ್ರೆಯ ಮನೆಯಲ್ಲಿ, ಪಾಠಗಳ ನಡುವಣ ಬಿಡುವಿನಲ್ಲಿ ಮೂರು ವರ್ಷ ಅದೇ ಚಿಂತೆ. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವನು ಗುರಿ ಮುಟ್ಟಿದ್ದನು. ಅವನು ಮಾಡಿದುದು ಮೇಲುನೋಟಕ್ಕೆ ಬಹಳ ಸರಳ. ಎತ್ತರವನ್ನು ಅರ್ಧಕ್ಕೆ ಇಳಿಸಿದನು. ಎರಡು ಸಾಲು, ಸಾಲಿಗೆ ಮೂರು, ಒಟ್ಟು ಆರು ಚುಕ್ಕೆಗಳ ಸ್ಥಾನ. ಅವುಗಳಲ್ಲಿ ಯಾವುದನ್ನು ಒತ್ತುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದರಿಂದ 63 ಬೇರೆ ಬೇರೆ ಸಂಕೇತಗಳು. ಒಂದೊಂದೂ ಬೆರಳ ತುದಿಯ ಕೆಳಗೆ ಒಂದೇ ಸ್ಪರ್ಶಕ್ಕೆ ಸಿಕ್ಕುತ್ತದೆ, ಎಣಿಸಬೇಕಾಗಿಲ್ಲ. ರಚನೆಯಲ್ಲಿಯೂ ಒಂದು ಕ್ರಮವಿದೆ. ಮೊದಲ ಹತ್ತು ಅಕ್ಷರಗಳು ಮೇಲಿನ ನಾಲ್ಕು ಚುಕ್ಕೆಗಳಲ್ಲಿಯೇ ಮುಗಿಯುತ್ತವೆ. ಅವೇ ಹತ್ತಕ್ಕೆ ಕೆಳಗಿನ ಎಡಚುಕ್ಕೆ ಸೇರಿದರೆ ಮುಂದಿನ ಹತ್ತು. ಬಲಚುಕ್ಕೆಯೂ ಸೇರಿದರೆ ಅದರ ಮುಂದಿನವು. ಹತ್ತನ್ನು ಕಲಿತವನಿಗೆ ಉಳಿದುವು ತಾವಾಗಿಯೇ ಬರುತ್ತವೆ. ಫ್ರೆಂಚರ ಅಂದಿನ ವರ್ಣಮಾಲೆಯಲ್ಲಿ ‘ಡಬ್ಲ್ಯು’ ಅಕ್ಷರ ಸೇರಿರಲಿಲ್ಲವಾದ್ದರಿಂದ ಅದೊಂದು ಮಾತ್ರ ಇಂದಿಗೂ ಈ ಕ್ರಮದ ಹೊರಗೆ ನಿಂತಿದೆ. ಧ್ವನಿಗಳ ಬದಲು ಅಕ್ಷರಗಳನ್ನು ಗುರುತಿಸಿದುದರಿಂದ ಕಾಗುಣಿತ, ಅಂಕಿ, ಗಣಿತ, ಸಂಗೀತ ಎಲ್ಲಕ್ಕೂ ಎಡೆ ದೊರೆಯಿತು.

ಈ ಲಿಪಿ ರೋಮನ್ ಅಕ್ಷರವನ್ನು ಕಿಂಚಿತ್ತೂ ಹೋಲುವುದಿಲ್ಲ ಎಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಅದೇ ಅದರ ಶಕ್ತಿ. ಮುಂದೆ ಅದರ ವಿರುದ್ಧ ಎದ್ದ ಆಕ್ಷೇಪವೂ ಅದೇ.

1828ರಲ್ಲಿ ಬ್ರೈಲನು ತಾನು ಕಲಿತ ಶಾಲೆಯಲ್ಲಿಯೇ ಸಹಾಯಕ ಉಪಾಧ್ಯಾಯನಾದನು. 1833ರಲ್ಲಿ ಪೂರ್ಣ ಉಪಾಧ್ಯಾಯ ಪದವಿ ದೊರೆಯಿತು. 1829ರಲ್ಲಿ ಮಾತು, ಸಂಗೀತ, ಚರ್ಚಿನ ಗಾನ ಇವುಗಳನ್ನು ಚುಕ್ಕೆಗಳಿಂದ ಬರೆಯುವ ತನ್ನ ಕ್ರಮವನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದನು. ಆ ಪುಸ್ತಕದ ವಿವರಣೆ ಅಚ್ಚಾದುದು ಹಳೆಯ ಉಬ್ಬಕ್ಷರಗಳಲ್ಲಿಯೇ. ಬಾರ್ಬಿಯೆಯ ಋಣವನ್ನು ಅದರಲ್ಲಿ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಲಿಪಿಯನ್ನು ಇನ್ನಷ್ಟು ತಿದ್ದಿದ ಎರಡನೆಯ ಆವೃತ್ತಿ 1837ರಲ್ಲಿ ಹೊರಬಂದಿತು. ಅದೇ ವರ್ಷ ಫ್ರಾನ್ಸಿನ ಇತಿಹಾಸದ ಸಂಗ್ರಹವೊಂದು ಶಾಲೆಯಲ್ಲಿ ಈ ಚುಕ್ಕೆಲಿಪಿಯಲ್ಲಿ ಅಚ್ಚಾಯಿತು.

ಈ ನಡುವೆ ಸಂಗೀತವೂ ಅವನಿಗೆ ಒಲಿದಿದ್ದಿತು. 1834ರಿಂದ ನದಿಯಾಚೆಯ ಸೇಂಟ್ ನಿಕೊಲಾಸ್ ದೆ ಶಾಂ ಚರ್ಚಿನಲ್ಲಿ ಅವನು ಆರ್ಗನ್ ವಾದಕನಾಗಿದ್ದನು. ಸೇಂಟ್ ವಿಕ್ಟರ್ ಬೀದಿಯಿಂದ ಅಲ್ಲಿಗೆ ಹೋಗಬೇಕಾದರೆ ಸೇನ್ ನದಿಯನ್ನು ದಾಟಿ, ಹಳೆಯ ಪ್ಯಾರಿಸ್ಸಿನ ಕಿಕ್ಕಿರಿದ ಬೀದಿಗಳನ್ನು ಹಾಯಬೇಕು. ಕಾಲುದಾರಿಯಿಲ್ಲದ, ನಡುವೆ ಚರಂಡಿ ಹರಿಯುವ, ಸಾರೋಟುಗಳು ಮೈಮೇಲೆ ಬರುವ ಓಣಿಗಳೇ ಅಂದು ಅಲ್ಲಿ ಹೆಚ್ಚು. ಶಾಲೆಯೊಳಗೆ ತನ್ನ ಬೆರಳಿಗೊಂದು ದಾರಿಯನ್ನು ಕಡಿದುಕೊಂಡಿದ್ದವನಿಗೆ ಹೊರಗಿನ ನಗರ ಇನ್ನೂ ಮುಚ್ಚಿದ ಪುಸ್ತಕವಾಗಿಯೇ ಇದ್ದಿತು.

1835ರ ಸುಮಾರಿಗೆ ಕ್ಷಯದ ಚಿಹ್ನೆಗಳು ಕಾಣಿಸಿಕೊಂಡವು. ಸೇಂಟ್ ವಿಕ್ಟರ್ ಬೀದಿಯ ತೇವದ ಗೋಡೆಗಳು ತಮ್ಮ ಸುಂಕವನ್ನು ವಸೂಲು ಮಾಡತೊಡಗಿದ್ದವು. ಆ ಕಟ್ಟಡದ ದುಃಸ್ಥಿತಿಯ ಮಾತು 1838ರಲ್ಲಿ ಶಾಸನಸಭೆಗೂ ಮುಟ್ಟಿತು. ಕವಿ ಲಾಮಾರ್ತೀನ್ ಸಭೆಯಲ್ಲಿ ಎದ್ದು ನಿಂತು ಅಂಧಬಾಲಕರ ಪರವಾಗಿ ಮಾತನಾಡಿದನು. ಹೊಸ ಕಟ್ಟಡಕ್ಕೆ ಹಣ ಮಂಜೂರಾಯಿತು.

ಹೊಸ ಮನೆ ಸಿದ್ಧವಾಗುವ ಮುನ್ನ ಹೊಸ ಲಿಪಿಗೆ ಕಂಟಕ ಬಂದಿತು. ಬ್ರೈಲನನ್ನು ಪ್ರೋತ್ಸಾಹಿಸಿದ್ದ ನಿರ್ದೇಶಕ ಪಿನ್ಯೆ 1840ರಲ್ಲಿ ಅಧಿಕಾರವನ್ನು ಕಳೆದುಕೊಂಡನು. ಅವನ ಸ್ಥಾನಕ್ಕೆ ಬಂದ ದ್ಯುಫೋ ಚುಕ್ಕೆಲಿಪಿಯನ್ನು ಪಾಠಗಳಿಂದ ಹೊರಗಿಟ್ಟು, ಕಣ್ಣುಳ್ಳವರ ಅಕ್ಷರಗಳನ್ನೇ ಹೋಲುವ ಉಬ್ಬುಲಿಪಿಯನ್ನು ಎತ್ತಿಹಿಡಿದನು. ಅವನನ್ನು ಕೇವಲ ದುಷ್ಟನೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಅಂಧರಿಗೆ ಬೇರೆಯೇ ಒಂದು ಲಿಪಿಯಿದ್ದರೆ ಅವರು ಉಳಿದ ಸಮಾಜದಿಂದ ದೂರವಾಗುವರೆಂಬ ಭಯ ಅಂದಿನ ಅನೇಕ ಸಜ್ಜನರಿಗಿದ್ದಿತು. ಕಣ್ಣುಳ್ಳ ಉಪಾಧ್ಯಾಯರಿಗೆ ತಮಗೆ ತಿಳಿಯದ ಲಿಪಿಯಲ್ಲಿ ಶಿಷ್ಯರು ಬರೆದುಕೊಳ್ಳುವುದು ಹಿತವಾಗಿರಲಿಕ್ಕಿಲ್ಲ. ಆದರೆ ಆ ವಾದದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ: ಓದಬೇಕಾದ ಬೆರಳಿಗೆ ಯಾವುದು ಸುಲಭ? ಆ ಪ್ರಶ್ನೆಗೆ ಉತ್ತರವನ್ನು ಮಕ್ಕಳು ತಮ್ಮ ನಡತೆಯಿಂದ ಕೊಟ್ಟರು. ನಿಷೇಧವಿದ್ದರೂ ಗುಟ್ಟಾಗಿ ಚುಕ್ಕೆಗಳಲ್ಲಿ ಬರೆದುಕೊಂಡರು. ದೊಡ್ಡವರು ಚಿಕ್ಕವರಿಗೆ ಕಲಿಸಿದರು.

ಬ್ರೈಲನೂ ಆ ಭಯವನ್ನು ಅಲ್ಲಗಳೆದವನಲ್ಲ. ಕಣ್ಣುಳ್ಳವರೊಡನೆ ಸಂಬಂಧ ಕಡಿಯಬಾರದೆಂಬ ಕಳಕಳಿ ಅವನಿಗೂ ಇದ್ದಿತು. ಹಳ್ಳಿಯಲ್ಲಿದ್ದ ತಾಯಿಗೆ ಚುಕ್ಕೆಲಿಪಿ ತಿಳಿಯುವುದೆಂತು? ಅದಕ್ಕಾಗಿ 1839ರಲ್ಲಿ ಅವನು ಇನ್ನೊಂದು ಕ್ರಮವನ್ನು ಪ್ರಕಟಿಸಿದನು. ಕಾಗದದ ಮೇಲೆ ಚುಕ್ಕೆಗಳನ್ನು ಗೊತ್ತಾದ ಸ್ಥಾನಗಳಲ್ಲಿ ಒತ್ತಿ ಸಾಮಾನ್ಯ ಅಕ್ಷರಗಳ ಆಕಾರವನ್ನೇ ಮೂಡಿಸುವ ಕ್ರಮವದು. ಅಂಧನು ಬರೆದುದನ್ನು ಕಣ್ಣುಳ್ಳವನು ಓದಬಹುದು. ಮುಂದೆ ಅವನ ಗೆಳೆಯ, ಅಂಧನಾದ ಪಿಯೆರ್ ಫುಕೋ, ಈ ಕೆಲಸವನ್ನು ಬೇಗ ಮಾಡುವ ಯಂತ್ರವೊಂದನ್ನು ರಚಿಸಿದನು. ಬೆರಳಚ್ಚು ಯಂತ್ರ ಜಗತ್ತಿನಲ್ಲಿ ಬಳಕೆಗೆ ಬರುವುದಕ್ಕೆ ಹಲವು ದಶಕಗಳ ಮುಂಚೆ ಇಬ್ಬರು ಅಂಧರು ಸೇರಿ ಸಾಧಿಸಿದುದು ಇದು. ತನ್ನವರಿಗಾಗಿ ತನ್ನ ಲಿಪಿ, ಹೊರಗಿನವರಿಗಾಗಿ ಹೊರಗಿನವರ ಲಿಪಿ: ಬ್ರೈಲ್ ಎರಡು ಸೇತುವೆಗಳನ್ನೂ ಕಟ್ಟಿದನು. ಆಚೆಯ ದಡದವರು ಒಂದನ್ನೂ ಕಟ್ಟಿರಲಿಲ್ಲ.

1843ರಲ್ಲಿ ಶಾಲೆ ನಗರದ ಇನ್ನೊಂದು ಭಾಗಕ್ಕೆ, ಆಂವಾಲಿದ್ ಬುಲ್ವಾರ್ ಎಂಬ ಅಗಲವಾದ ರಸ್ತೆಗೆ ಸಾಗಿತು. 1844ರ ಫೆಬ್ರವರಿಯಲ್ಲಿ ಹೊಸ ಕಟ್ಟಡದ ಪ್ರಾರಂಭೋತ್ಸವ. ದ್ಯುಫೋನ ಸಹಾಯಕನಾಗಿದ್ದ ಜೋಸೆಫ್ ಗ್ವಾದೆ ಮಕ್ಕಳ ಕೈಚಳಕವನ್ನು ಕಂಡು ಮನಸೋತಿದ್ದನು. ಮೇಲಧಿಕಾರಿಯ ಮನಸ್ಸನ್ನೂ ತಿರುಗಿಸಿದ್ದನು. ಸಭಿಕರ ಮುಂದೆ ಅವನು ಬ್ರೈಲನ ಲಿಪಿಯನ್ನು ಹಾಡಿ ಹೊಗಳಿದನು, ಪ್ರಾತ್ಯಕ್ಷಿಕೆಯನ್ನೂ ನಡೆಸಿದನು. ಒಂದು ಮಗು ಹೇಳಿದುದನ್ನು ಬರೆದುಕೊಂಡಿತು. ಅದನ್ನು ಕೇಳಿಸಿಕೊಳ್ಳದೆ ಹೊರಗಿದ್ದ ಇನ್ನೊಂದು ಮಗು ಬಂದು, ಬೆರಳಾಡಿಸಿ, ತಪ್ಪಿಲ್ಲದೆ ಓದಿತು. ಅಂದಿನಿಂದ ಆ ಮನೆಯಲ್ಲಿ ಚುಕ್ಕೆಲಿಪಿಗೆ ತಡೆಯಿಲ್ಲದಾಯಿತು. ಸಭೆಯಲ್ಲಿ ಚಪ್ಪಾಳೆ ಎದ್ದಾಗ ಬ್ರೈಲನಿಗೆ ಮೂವತ್ತೈದು ವರ್ಷ, ಲಿಪಿಗೆ ಇಪ್ಪತ್ತು, ಶ್ವಾಸಕೋಶಗಳು ಆಗಲೇ ಶಿಥಿಲ.

ಮುಂದಿನ ವರ್ಷಗಳು ರೋಗದೊಡನೆ ನಡೆದ ಹೋರಾಟ. ಪಾಠಗಳನ್ನು ಕಡಮೆ ಮಾಡಿಕೊಂಡನು. ಕೆಲವು ಕಾಲ ಬಿಟ್ಟೇಬಿಟ್ಟನು. ಹಳ್ಳಿಯ ಗಾಳಿಗಾಗಿ ಕೂಪ್‌ವ್ರೆಗೆ ಹೋಗಿಬರುತ್ತಿದ್ದನು. 1852ರ ಜನವರಿ 6ರಂದು, ನಲವತ್ತಮೂರನೆಯ ಹುಟ್ಟುಹಬ್ಬ ಕಳೆದ ಎರಡು ದಿನಕ್ಕೆ, ಶಾಲೆಯ ಆವರಣದಲ್ಲಿಯೇ ಪ್ರಾಣಬಿಟ್ಟನು. ಅವನ ಗೆಳೆಯ ಕೊಲ್ತಾ ಒಂದು ಸಂಗತಿಯನ್ನು ದಾಖಲೆಮಾಡಿದ್ದಾನೆ. ತೆರೆಯದೆ ಸುಟ್ಟುಬಿಡಬೇಕೆಂದು ಬ್ರೈಲ್ ಒಂದು ಚಿಕ್ಕ ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದನು. ಕುತೂಹಲ ತಡೆಯದೆ ತೆರೆದು ನೋಡಿದರೆ, ಬಡ ವಿದ್ಯಾರ್ಥಿಗಳಿಗೆ ಅವನು ಕೊಟ್ಟಿದ್ದ ಸಾಲದ ಚೀಟಿಗಳು. ಅವನ ಇಚ್ಛೆಯಂತೆ ಅವೆಲ್ಲ ಬೆಂಕಿಗೆ ಬಿದ್ದವು. ಪ್ಯಾರಿಸ್ಸಿನ ಪತ್ರಿಕೆಗಳು ಅವನ ಮರಣವನ್ನು ಗಮನಿಸಲಿಲ್ಲ. ದೇಹವನ್ನು ಕೂಪ್‌ವ್ರೆಗೆ ಒಯ್ದು ತಂದೆಯ ಗೋರಿಯ ಬಳಿ ಹೂಳಿದರು.

ಅವನು ಸತ್ತ ಎರಡು ವರ್ಷಕ್ಕೆ, 1854ರಲ್ಲಿ, ಫ್ರಾನ್ಸಿನಲ್ಲಿ ಅವನ ಲಿಪಿಗೆ ಅಧಿಕೃತ ಮನ್ನಣೆ ದೊರೆಯಿತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು ಅಂಧರ ಸಾಮಾನ್ಯ ಲಿಪಿಯಾಗಿ ಒಪ್ಪಿತು. ನಮ್ಮ ದೇಶದಲ್ಲಿ ಒಂದೊಂದು ಪ್ರಾಂತದಲ್ಲಿ ಒಂದೊಂದು ಬಗೆಯಾಗಿ ಬಳಕೆಯಲ್ಲಿದ್ದ ಚುಕ್ಕೆಲಿಪಿಗಳು 1951ರಲ್ಲಿ ಭಾರತೀ ಬ್ರೈಲ್ ಎಂಬ ಒಂದೇ ಕ್ರಮಕ್ಕೆ ಬಂದವು. ಕನ್ನಡದ ಮಗು ಇಂದು ಕಲಿಯುವುದೂ ಅದನ್ನೇ. ಮೇಲಿನ ಎಡಚುಕ್ಕೆ ಒಂದನ್ನು ಒತ್ತಿದರೆ ‘ಅ’. ಅದರ ನೇರ ಕೆಳಗೆ, ಒಂದು ಸ್ಥಾನ ಬಿಟ್ಟು, ಇನ್ನೊಂದನ್ನು ಒತ್ತಿದರೆ ‘ಕ’. ಫ್ರೆಂಚ್ ಬಾಲಕನೊಬ್ಬನು ತನ್ನ ಭಾಷೆಯ ‘ಎ’, ‘ಕೆ’ಗಳಿಗೆ ಆರಿಸಿಕೊಂಡ ಚುಕ್ಕೆಗಳೇ ಅವು. ನಮ್ಮ ಒತ್ತಕ್ಷರ, ಕೊಂಬು, ಗುಡಿಸುಗಳ ವಿಸ್ತಾರವೆಲ್ಲ ಆ ಆರು ಚುಕ್ಕೆಗಳೊಳಗೆ ಅಡಗಿಕೊಂಡಿತು. ಬೆರಳು ಎಲ್ಲ ದೇಶದಲ್ಲಿಯೂ ಒಂದೇ ಅಳತೆಯದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಬೇರೆ ಬೇಕಿಲ್ಲ.

ನಗರದ ಬೀದಿಗಳು ತೆರೆದುಕೊಳ್ಳಲು ಇನ್ನೂ ತಡವಾಯಿತು. ಮೋಟಾರು ವಾಹನಗಳ ನಡುವೆ ಅಂಧರು ಪಡುತ್ತಿದ್ದ ಪಾಡನ್ನು ನೋಡಲಾರದೆ ಗಿಯಿ ದೆರ್ಬೆಮೋಂ ಎಂಬ ಮಹಿಳೆ 1931ರಲ್ಲಿ ಪ್ಯಾರಿಸ್ಸಿನಲ್ಲಿ ಬಿಳಿಯ ಕೋಲಿನ ಚಳವಳಿಯನ್ನು ಆರಂಭ ಮಾಡಿದಳು. ಇಪ್ಪತ್ತೊಂದು ವರ್ಷಗಳ ಬಳಿಕ, 1952ರ ಜೂನ್ ತಿಂಗಳಿನಲ್ಲಿ, ಬ್ರೈಲನ ಅವಶೇಷಗಳು ಪ್ಯಾಂಥಿಯನ್ನಿಗೆ ಸಾಗಿದಾಗ ಹಿಂದೆ ನಡೆದ ಮೆರವಣಿಗೆಯಲ್ಲಿ ಆ ಬಿಳಿಯ ಕೋಲುಗಳು ಕಲ್ಲುಹಾಸಿನ ಮೇಲೆ ಸದ್ದುಮಾಡಿದವು. ಅಮೆರಿಕದಿಂದ ಹೆಲನ್ ಕೆಲರ್ ಬಂದಿದ್ದಳು. ಆದರೆ ಕೂಪ್‌ವ್ರೆಯ ಜನ ತಮ್ಮವನನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ದೇಹ ಪ್ಯಾರಿಸ್ಸಿಗೆ ಹೋಯಿತು. ಕೈಗಳ ಅಸ್ಥಿಗಳು ಮಾತ್ರ ಒಂದು ಕರಂಡದಲ್ಲಿ ಹಳ್ಳಿಯ ಗೋರಿಯ ಮೇಲೆಯೇ ಉಳಿದವು. ಜೀನಗಾರನ ಆ ಹಳೆಯ ಮನೆ ಈಗ ವಸ್ತುಸಂಗ್ರಹಾಲಯ.

ಇಂದು ಆ ದಾರಿಯನ್ನು ನಡೆಯಬಯಸುವವನು ಸೇಂಟ್ ವಿಕ್ಟರ್ ಬೀದಿಯಲ್ಲಿ ಹಳೆಯ ಶಾಲೆಯನ್ನು ಕಾಣಲಾರನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ರಸ್ತೆಗಳನ್ನು ಕೊರೆದಾಗ ಬೀದಿಯೇ ಮೊಟಕಾಯಿತು. ಆ ಕಟ್ಟಡವೂ ಉಳಿದಿಲ್ಲ. ಆದರೆ ರಸ್ತೆಯನ್ನು ದಾಟುವೆಡೆಗಳಲ್ಲಿ ಕಾಲುದಾರಿಯ ಅಂಚಿಗೆ ಉಬ್ಬುಚುಕ್ಕೆಗಳ ಹಾಸುಫಲಕಗಳು ಸಿಕ್ಕುತ್ತವೆ. ಬೆರಳು ಓದುವ ಚುಕ್ಕೆಗಳನ್ನು ಇಲ್ಲಿ ಪಾದ ಓದುತ್ತದೆ. ಅನೇಕ ದಾಟುಗಳಲ್ಲಿ ಅಂಧನು ತನ್ನ ಜೇಬಿನ ಸಣ್ಣ ಗುಂಡಿಯೊಂದನ್ನು ಒತ್ತಿದರೆ ದೀಪಸ್ತಂಭವೇ ಮಾತನಾಡಿ ಹಸುರೋ ಕೆಂಪೋ ತಿಳಿಸುತ್ತದೆ. ಸಾರ್ವಜನಿಕ ಸ್ಥಳಗಳೆಲ್ಲ ಹತ್ತು ವರ್ಷಗಳೊಳಗೆ ಎಲ್ಲರಿಗೂ ಸಲ್ಲುವಂತಾಗಬೇಕೆಂದು ಫ್ರಾನ್ಸ್ 2005ರಲ್ಲಿ ಶಾಸನ ಮಾಡಿತು. ಆ ಗಡುವು ಕಳೆದು ವರ್ಷಗಳಾದರೂ ಕೆಲಸ ಮುಗಿದಿಲ್ಲ. ನೆಲದಡಿಯ ಹಳೆಯ ರೈಲುದಾರಿಗಳ ನಿಲ್ದಾಣಗಳಲ್ಲಿ ಬಹಳಷ್ಟು ಇಂದಿಗೂ ಮೆಟ್ಟಿಲುಗಳ ಮಯ. ಬ್ರೈಲ್ ಮಲಗಿರುವ ಪ್ಯಾಂಥಿಯನ್ನಿನ ಮುಂಬಾಗಿಲಿಗೂ ಮೆಟ್ಟಿಲುಗಳುಂಟು. ನೆಲಮಾಳಿಗೆಗೆ ಇಳಿಯಲು ಮತ್ತೆ ಮೆಟ್ಟಿಲುಗಳು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗವಿಕಲರ ಒಲಿಂಪಿಕ್ ಕ್ರೀಡೆಗಳು ನಡೆದಾಗ ಪದಕಗಳ ಮೇಲೆ ಊರಿನ ಹೆಸರನ್ನು ಬ್ರೈಲ್ ಲಿಪಿಯಲ್ಲಿ ಕೆತ್ತಿದ್ದರು. ಗೌರವ ಸಂದಿದೆ, ದಾರಿ ಇನ್ನೂ ಪೂರ್ತಿಯಾಗಿ ತೆರೆದಿಲ್ಲ.

ಆದರೂ 1819ರ ಆ ಚಳಿಯ ದಿನಕ್ಕೂ ಇಂದಿಗೂ ಇರುವ ಅಂತರ ಸಣ್ಣದಲ್ಲ. ಅಂದು ಹತ್ತು ವರ್ಷದ ಹುಡುಗನಿಗೆ ಆ ಬೀದಿಯಲ್ಲಿ ದೊರೆತುದು ಹಿಡಿದುಕೊಳ್ಳಲು ಒಂದು ಹಗ್ಗ. ಇಂದು ಅವನಂತಹ ಇನ್ನೊಬ್ಬ ಹುಡುಗ ಬೆರಳಿನಿಂದ ಬೀದಿಯ ಹೆಸರುಗಳನ್ನು ಓದಿ ನೆನಪಿಟ್ಟುಕೊಂಡು, ಬಿಳಿಯ ಕೋಲನ್ನು ಮುಂದೆ ಚಾಚಿ, ಸೇಂಟ್ ಜೆನೆವೀವ್ ದಿಬ್ಬವನ್ನು ಒಬ್ಬನೇ ಏರಿಹೋಗಬಹುದು. ಬೇಕೆನಿಸಿದಲ್ಲಿ ನಿಲ್ಲಬಹುದು, ಬೇಡವೆನಿಸಿದಲ್ಲಿ ತಿರುಗಬಹುದು. ದಾರಿ ತಪ್ಪಿದರೆ ತಾನೇ ಹುಡುಕಿಕೊಳ್ಳಬಹುದು.